ಎರಡು ಗುರುತು, ಒಂದು ಮನೆ

"ಎತ್ತರ?"

"ಐದೂವರೆ ಅಡಿ."

"ಮೈಬಣ್ಣ?"

"ಎಣ್ಣೆಗಪ್ಪು."

"ಹಲ್ಲು? ಮುರಿದದ್ದು, ಕಟ್ಟಿಸಿದ್ದು ಏನಾದ್ರೂ..."

"ರೀ, ಸಾಕು ನಿಲ್ಸಿ!"

ಅವಳು ಟೇಬಲ್ಲಿಗೆ ಬಡಿದ ಏಟಿಗೆ ಪೆನ್ನಿನ ಡಬ್ಬಿ ಉರುಳಿ ಪೆನ್ನುಗಳೆಲ್ಲ ನೆಲಕ್ಕೆ ಚೆಲ್ಲಿದವು. ಹಿಂದೆ ನಿಂತಿದ್ದವರು ಬೆಚ್ಚಿ ನೋಡಿದರು.

"ನಮ್ಮಣ್ಣ ಏನು ಬಸ್ಸಲ್ಲಿ ಮರೆತು ಬಂದ ಬ್ಯಾಗಾ? ಬಣ್ಣ ಏನು, ಉದ್ದ ಎಷ್ಟು ಅಂತ ಕೇಳ್ತಾನೇ ಇದ್ದೀರಲ್ಲ! ಅವನು ಮನುಷ್ಯ ಕಣ್ರೀ... ಮನುಷ್ಯ!"

ಕಂಪ್ಯೂಟರಿನ ಹಿಂದೆ ಕೂತಿದ್ದವನು ಆಗ ಮೊದಲ ಸಲ ತಲೆ ಎತ್ತಿದ. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಬಗ್ಗಿ ಪೆನ್ನುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದ. ಆಮೇಲೆ ಮುಂದಿದ್ದ ಫಾರಮ್ಮನ್ನು ಪಕ್ಕಕ್ಕೆ ಸರಿಸಿದ.

"ಸರಿ. ನಾನೇನೂ ಕೇಳಲ್ಲ. ನಿಮ್ಮಣ್ಣನ ಬಗ್ಗೆ ನೀವೇ ಹೇಳಿ. ಎಲ್ಲಿಂದ ಬೇಕಾದ್ರೂ ಶುರು ಮಾಡಿ. ನಾನು ಬರ್ಕೊಳ್ತೀನಿ."

ಜಗಳಕ್ಕೆಂದು ಬಂದಿದ್ದವಳು ಅಲ್ಲೇ ಅತ್ತುಬಿಟ್ಟಳು. ನಾಲ್ಕು ದಿನದಿಂದ ತಡೆದಿದ್ದ ಅಳು...

ಅದಕ್ಕೆ ನಾಲ್ಕು ದಿನ ಮೊದಲು, ಬೆಳಗಿನ ಪಾಳಿಗೆ ಹೊರಟಿದ್ದ ಲಾಂಚ್ ನದಿ ಸಮುದ್ರ ಸೇರುವ ಜಾಗದಲ್ಲಿ ಮಗುಚಿತ್ತು. ಈಜಿ ದಡ ಸೇರಿದವರು ಮೂವತ್ತೆರಡು ಜನ. ಸಿಗದವರು ನೂರ ಮೂವತ್ತೇಳು. ಆಚೆ ದಡದ ಹಡಗು ರಿಪೇರಿ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಅವಳ ಅಣ್ಣ ಆ ನೂರ ಮೂವತ್ತೇಳರಲ್ಲಿ ಒಬ್ಬ. ಶಾಲೆಯೊಂದರ ಆಟದ ಹಾಲನ್ನೇ ನೀರಿನಿಂದ ಎತ್ತಿದ ದೇಹಗಳ ಗುರುತು ಹಿಡಿಯುವ ಕಚೇರಿ ಮಾಡಿದ್ದರು. ಹಾಲಿನ ಹಿಂದೆ ತಣ್ಣನೆಯ ಕೋಣೆ. ಅದರ ಬಾಗಿಲ ಕಡೆ ಯಾರೂ ನೋಡುತ್ತಿರಲಿಲ್ಲ, ಯಾರಿಗೂ ನೋಡದೆ ಇರಲೂ ಆಗುತ್ತಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಹೇಳತೊಡಗಿದಳು. ಅಣ್ಣ ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತೆ. ನಡೆಯುವಾಗ ಬಲಗಾಲು ಸ್ವಲ್ಪ ಎಳೀತಾನೆ. ಎಡ ಮುಂಗೈ ಮೇಲೆ ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಗುರುತಿದೆ, ಕೋಟಿನ ಗುಂಡಿಯಷ್ಟು. ಹೊಟ್ಟೆಯ ಬಲಗಡೆ ಆಪರೇಷನ್ ಹೊಲಿಗೆ... "ನಾನು ಹೊಲಿದಿದ್ರೆ ಇನ್ನೂ ನೀಟಾಗಿರ್ತಿತ್ತು ಅಂತ ರೇಗಿಸ್ತಿದ್ದೆ."

"ನೀವು ಟೈಲರಾ?"

"ಹೂಂ. ಬಟ್ಟೆ ಆಲ್ಟ್ರೇಶನ್ ಅಂಗಡಿ. ಅಣ್ಣ ನನ್ನನ್ನ ಸೂಜಿ ಅಂತಲೇ ಕರೆಯೋದು. ಹೊಲೀತೀನಿ ಅಂತಲೋ ಚುಚ್ಚಿ ಮಾತಾಡ್ತೀನಿ ಅಂತಲೋ... ಗೊತ್ತಿಲ್ಲ."

ಅವನ ತುಟಿಯ ಕೊನೆ ಸ್ವಲ್ಪ ಅಲುಗಿತು.

"ಎರಡನೇದೇ ಇರ್ಬೇಕು," ಎಂದು ಟೈಪ್ ಮಾಡುತ್ತಲೇ ಹೇಳಿದ.

ಇಂಥ ಹೊತ್ತಿನಲ್ಲಿ ತನಗೆ ನಗು ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು!

*

ಮರುದಿನದಿಂದ ಸೂಜಿ ದಿನವೂ ಬರತೊಡಗಿದಳು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಹಾಲ್. ಮನೆಯಲ್ಲಿ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅತ್ತಿಗೆ ಬಾಗಿಲಿಗೆ ಒರಗಿ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಓಡಾಡುವ ಕಾಲು ಅಂತ ಮನೆಯಲ್ಲಿ ಉಳಿದಿದ್ದವು ಅವಳವು ಮಾತ್ರ.

ಹಾಲಿನಲ್ಲಿ ಚಹಾ ಕೊಡುತ್ತಿದ್ದ ಹೆಂಗಸನ್ನು ಎಲ್ಲರೂ ಟೀ ಅಕ್ಕ ಅನ್ನುತ್ತಿದ್ದರು. ಅವಳು ಕಂಪ್ಯೂಟರಿನ ಹಿಂದೆ ಕೂರುವವನಿಗಿಟ್ಟ ಹೆಸರು ಕಂಪ್ಯೂಟರಪ್ಪ.

"ಅವನನ್ನ ನೋಡು, ಎರಡೇ ಅಂಗಿ. ಒಂದು ಹಾಕ್ತಾನೆ, ಒಂದು ಒಗೀತಾನೆ. ಕಾಲರ್ ಹರಿದು ಚಿಂದಿಯಾಗಿದ್ರೂ ಮಹಾರಾಯನಿಗೆ ಗಮನವಿಲ್ಲ."

ಸೂಜಿ ಗಮನಿಸಿದ್ದಳು. ಅವನ ಒಂದು ಅಂಗಿಯನ್ನು ಕೇಳಿ ಪಡೆದು, ಕಾಲರ್ ಬಿಚ್ಚಿ, ಸವೆದ ಮಗ್ಗುಲನ್ನು ಒಳಗೆ ಮಾಡಿ ತಿರುಗಿಸಿ ಹೊಲಿದು ತಂದಳು. ಅವನು ಕಾಲರನ್ನು ಬೆರಳಿನಿಂದ ಸವರಿ ನೋಡಿದ. ಥ್ಯಾಂಕ್ಸ್ ಹೇಳುವುದನ್ನೂ ಮರೆತು ತನ್ನ ಬನ್ನಿನಲ್ಲಿ ಅರ್ಧ ಮುರಿದು ಅವಳ ಮುಂದಿಟ್ಟ.

"ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

"ನಿಮಗೆ ಹೇಗೆ ಗೊತ್ತು?"

"ದಿನಾ ನೋಡ್ತೀನಲ್ಲ..."

ಇಬ್ಬರೂ ಥಟ್ಟನೆ ಬೇರೆ ಕಡೆ ನೋಡಿದರು.

ಒಂದು ದಿನ ಅವನು ತನ್ನ ಕೆಲಸವನ್ನು ಅವಳಿಗೆ ತೋರಿಸಿದ. ಪರದೆಯ ಮೇಲೆ ಸಾಲು ಸಾಲು. ಮನೆಯವರು ಹೇಳಿದ ಒಂದೊಂದು ಮಾತಿಗೂ ಒಂದೊಂದು ಸಾಲು. ಒಬ್ಬರ ಎತ್ತರ ಒಂದು ಸಾಲಿನಲ್ಲಿ, ಅವರದೇ ಹಲ್ಲು ಕೆಳಗಿನ ಸಾಲಿನಲ್ಲಿ, ಅವರ ಉಂಗುರ ಇನ್ನೂ ಕೆಳಗೆ. ಹೀಗೆ ಸಾವಿರದ ಒಂಬೈನೂರ ಹನ್ನೆರಡು ಸಾಲು.

"ಹೀಗೇ ಇದ್ರೆ ಯಾರನ್ನೂ ಯಾರ ಪಕ್ಕಕ್ಕೂ ಇಟ್ಟು ನೋಡೋಕಾಗಲ್ಲ. ಅದಕ್ಕೇ ಒಂದು ಕ್ವೆರಿ, ಅಂದ್ರೆ ಕಂಪ್ಯೂಟರಿಗೆ ಕೊಡೋ ಆಜ್ಞೆ, ಬರೆದಿದ್ದೀನಿ. ಕೆಳಗೆ ಇಳಿಯೋ ಸಾಲುಗಳನ್ನ ಅಡ್ಡಕ್ಕೆ ತಿರುಗಿಸುತ್ತೆ. ಒಬ್ಬ ಮನುಷ್ಯನಿಗೆ ಒಂದೇ ಸಾಲು. ಎತ್ತರಕ್ಕೊಂದು ಕಾಲಂ, ಹಲ್ಲಿಗೊಂದು, ಮೈಮೇಲಿನ ಗುರುತಿಗೊಂದು. ಆ ಕಡೆ... ಸಿಕ್ಕಿದವರದ್ದೂ ಹೀಗೇ ಮಾಡ್ತೀನಿ. ಎರಡೂ ಪಟ್ಟಿ ಹೊಂದಿಸಿದ್ರೆ ಯಾರು ಯಾರೆಂದು ಗೊತ್ತಾಗುತ್ತೆ."

"ನಮ್ಮ ಅಳತೆ ಪುಸ್ತಕದ ಥರ," ಎಂದಳು ಅವಳು. "ಒಬ್ಬ ಗಿರಾಕಿಗೆ ಒಂದು ಸಾಲು. ಎದೆ, ಸೊಂಟ, ತೋಳು ಅಂತ ಮನೆ ಹಾಕಿರ್ತೀವಿ."

"ಅದೇ! ಅಷ್ಟೇ ಇದು."

ಅವನ ಮುಖದಲ್ಲಿ ಎಂಥದೋ ಬೆಳಕು. 'ಇಷ್ಟು ಸಾವಿನ ನಡುವೆ ಕೂತು ಈ ಮನುಷ್ಯ ಒಬ್ಬೊಬ್ಬರನ್ನೂ ಮನೆಗೆ ಕಳಿಸಬೇಕು ಅಂತ ಹೆಣಗ್ತಿದ್ದಾನಲ್ಲ...' ಅವಳ ಎದೆ ತುಂಬಿ ಬಂತು. ಅಣ್ಣ ಸಿಗುವ ಮೊದಲೇ ಹೀಗೆಲ್ಲ ಅನ್ನಿಸುವುದು ತಪ್ಪೇನೋ ಎಂಬ ಅಳುಕು ಅದರ ಬೆನ್ನಿಗೇ ಬಂತು.

*

ಎಂಟನೇ ದಿನದ ಮೇಲೆ ಮುಖ ನೋಡಿ ಗುರುತಿಸುವ ಸ್ಥಿತಿ ಉಳಿದಿರಲಿಲ್ಲ. ಪಟ್ಟಿ ಹೊಂದಿದರೆ ಮಾತ್ರ ಮನೆಯವರನ್ನು ಒಳಗೆ ಬಿಟ್ಟು, ರಕ್ತ ಪರೀಕ್ಷೆಗೆ ಕಳಿಸುತ್ತಿದ್ದರು. ಒಂದೊಂದೇ ಮನೆಯವರು ಬಂದರು, ಕೂಗಿ ಅತ್ತರು, ಹೋದರು. ಬೆಂಚು ಖಾಲಿಯಾಗುತ್ತಾ ಬಂತು. ಅವಳು ಅಲ್ಲೇ ಉಳಿದಳು.

ಇಪ್ಪತ್ತೆರಡನೇ ದಿನ, ಯಾರ ಪಟ್ಟಿಗೂ ಹೊಂದದ ಹನ್ನೊಂದು ದೇಹಗಳನ್ನು ಹೂಳಲು ವ್ಯಾನುಗಳು ಬಂದವು. ಪ್ರತಿಯೊಂದಕ್ಕೂ ಒಂದು ಅಂಕಿ ಬರೆದ ಗೂಟ.

ಸೂಜಿ ಗೇಟಿನ ಬಳಿ ಕಂಬ ಹಿಡಿದು ನಿಂತಿದ್ದಳು. ಅವನು ಬಂದು ಪಕ್ಕದಲ್ಲಿ ನಿಂತ.

"ಇವರಲ್ಲಿ ನಮ್ಮಣ್ಣ..."

"ಇಲ್ಲ. ನಿಮ್ಮಣ್ಣ ಇವರಲ್ಲಿಲ್ಲ. ನಾನು ಮೂರು ಸಲ ನೋಡಿದ್ದೀನಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಅವನ ಕೈ ಹಿಡಿದುಕೊಂಡುಬಿಟ್ಟಳು. ಕೊನೆಯ ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.

'ಅಣ್ಣ ಎಲ್ಲೋ ಬದುಕಿರಬಹುದು. ಯಾವುದೋ ದೋಣಿಯವರು ಎತ್ತಿಕೊಂಡಿರಬಹುದು...' ಆ ಸಂಜೆ ಅವಳು ಅತ್ತಿಗೆಗೆ ಎಷ್ಟೋ ದಿನದ ಮೇಲೆ ತಲೆ ಬಾಚಿದಳು.

ಅಯ್ಯೋ, ಆ ಒಂದು ಸಂಜೆಯ ನೆಮ್ಮದಿಗೆ ಅವಳು ಕೊಟ್ಟ ಬೆಲೆ!

*

ನಲವತ್ತನೇ ದಿನ ಅವಳು ಹಾಲಿಗೆ ಹೋದಾಗ ಅವನ ಮುಖ ಸುಣ್ಣದಂತೆ ಬಿಳುಚಿತ್ತು. ಅವಳನ್ನು ನೋಡಿದವನೇ ಎದ್ದು ಒಳಗೆ ಹೋದ. ಅವಳು ಎರಡು ಗಂಟೆ ಕಾದಳು. ಅವನು ಹೊರಗೆ ಬರಲಿಲ್ಲ.

ಮರುದಿನ ಅವನ ಕುರ್ಚಿ ಖಾಲಿ. ಅದರ ಮರುದಿನವೂ.

'ನಾನು ಕೈ ಹಿಡಿದದ್ದು ಹೆಚ್ಚಾಯ್ತೇನೋ. ದಿನಾ ಬಂದು ಕೂರುವವಳು ಹೊರೆ ಅನ್ನಿಸಿದಳೇನೋ...'

ನಲವತ್ತನಾಲ್ಕನೇ ದಿನ ಮನೆಗೆ ಪತ್ರ ಬಂತು. ಅತ್ತಿಗೆಯೇ ಒಡೆದು ಓದಿದಳು. ಓದುತ್ತಾ ಓದುತ್ತಾ ಅವಳ ದನಿ ನಿಂತೇಹೋಯಿತು.

ಅರವತ್ತೊಂದನೇ ಸಂಖ್ಯೆಯಲ್ಲಿ ಹೂಳಿದ ದೇಹ ನಿಮ್ಮ ಮನೆಯವರದ್ದಿರಬಹುದು. ಎಡ ಮುಂಗೈ ಮೇಲೆ ಸುಟ್ಟ ಗುರುತು ಹೊಂದುತ್ತದೆ. ರಕ್ತ ಪರೀಕ್ಷೆಗೆ ಬನ್ನಿ. ಕುಟುಂಬದವರು ಕೊಟ್ಟ ಮಾಹಿತಿ ಅಪೂರ್ಣವಾಗಿದ್ದರಿಂದ ಗುರುತಿಸುವುದು ತಡವಾಯಿತು.

"ಅಪೂರ್ಣ?" ಅತ್ತಿಗೆ ತಲೆ ಎತ್ತಿದಳು. "ಅವರ ಕೈಮೇಲಿನ ಸುಟ್ಟ ಗುರುತು... ನೀನು ಹೇಳ್ಲಿಲ್ವಾ?"

"ಹೇಳಿದ್ದೆ ಅತ್ತಿಗೆ!"

"ಹೇಳಿದ್ರೆ ಯಾಕೆ ಹೀಗೆ ಬರೀತಾರೆ? ನಾನು ಬರ್ತೀನಿ ಅಂದೆ. ನೀನು ಬೇಡ ಅಂದೆ, ನಾನೇ ಹೇಳ್ತೀನಿ ಅಂದೆ. ಗಂಡನ ಮೈ ನನಗೆ ಗೊತ್ತಿತ್ತು ಕಣೇ! ದಿಕ್ಕಿಲ್ಲದವರ ಹಾಗೆ ಮಣ್ಣು ಮಾಡಿಸಿಬಿಟ್ಯಲ್ಲೇ..."

ಅಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ಮಗಳನ್ನು ನೋಡಿದಳು. ಆ ನೋಟ ಅತ್ತಿಗೆಯ ಮಾತಿಗಿಂತ ಆಳಕ್ಕೆ ಇಳಿಯಿತು.

ಸೂಜಿ ಹಾಲಿಗೆ ಓಡಿದಳು. ಕಂಪ್ಯೂಟರಿನ ಮುಂದೆ ಯಾರೋ ಹೊಸಬ. ಕಚೇರಿಯ ದೊಡ್ಡ ಸಾಹೇಬರು ಕನ್ನಡಕ ಒರೆಸುತ್ತಾ ಮೆತ್ತಗೆ ಹೇಳಿದರು:

"ನೋಡಮ್ಮ, ಆ ಪತ್ರಕ್ಕೆ ವರದಿ ಸಿದ್ಧ ಮಾಡಿದ್ದು ಇಲ್ಲಿ ಕೂರ್ತಿದ್ದವನೇ. ಗಾಬರೀಲಿ ಮನೆಯವರು ಒಂದೆರಡು ವಿಷಯ ಮರೀತಾರೆ. ನಿಮ್ಮದೇನೂ ತಪ್ಪಿಲ್ಲ ಬಿಡಿ."

ಅವನೇ...!

ತನ್ನ ಕುತ್ತಿಗೆ ಉಳಿಸಿಕೊಳ್ಳಲು ಅವನು ತಪ್ಪನ್ನು ಅವಳ ತಲೆಗೆ ಕಟ್ಟಿದನೆ? ಅದಕ್ಕೇ ಮುಖ ತಪ್ಪಿಸಿಕೊಂಡನೆ? 'ನಿಜವಾಗ್ಲೂ' ಅಂದಿದ್ದನಲ್ಲ! ಪಕ್ಕದಲ್ಲೇ ನಿಂತು ಅಂದಿದ್ದನಲ್ಲ!

ಅದಕ್ಕಿಂತ ಭಯವಾದದ್ದು ಇನ್ನೊಂದು. ಅಂದು ತಾನು ನಿಜಕ್ಕೂ ಹೇಳಿದ್ದೆನೆ? ಅಳುತ್ತಿದ್ದೆ, ಒದರುತ್ತಿದ್ದೆ... ಕೋಟಿನ ಗುಂಡಿಯಷ್ಟು ಎಂದದ್ದು ಬಾಯಲ್ಲೋ ಮನಸ್ಸಿನಲ್ಲೋ? ನೆನಪು ಅವಳಿಗೇ ಕೈಕೊಡತೊಡಗಿತು.

ಅಮ್ಮನ ರಕ್ತ ಹೊಂದಿತು. ಗೂಟ ಕಿತ್ತು, ಮಣ್ಣು ಅಗೆದು, ಮುಚ್ಚಿದ ಪೆಟ್ಟಿಗೆಯೊಂದನ್ನು ಅವರ ಕೈಗೆ ಕೊಟ್ಟರು. ತೆರೆಯಬೇಡಿ ಎಂದರು. ಅತ್ತಿಗೆ ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು ಮಲಗಿದಳು. ಸೂಜಿ ಹತ್ತಿರ ಹೋಗಿ ಭುಜ ಮುಟ್ಟಿದರೆ ಕೈ ಕೊಡವಿದಳು.

ಆಮೇಲೆ ಆ ಮನೆಯಲ್ಲಿ ಅವಳ ಜೊತೆ ಯಾರೂ ಮಾತಾಡಲಿಲ್ಲ. ತಟ್ಟೆ ಮುಂದೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

*

ಐದು ದಿನದ ಮೇಲೆ, ಮಧ್ಯಾಹ್ನ, ಬಾಗಿಲು ಬಡಿದ ಸದ್ದಾಯಿತು. ಅವಳೇ ತೆಗೆದಳು.

ಅವನು! ಗಡ್ಡ ಬೆಳೆದಿತ್ತು. ಕೈಯಲ್ಲಿ ಮಡಿಸಿದ ಕಾಗದಗಳು.

"ಯಾಕೆ ಬಂದ್ರಿ?" ಅವಳ ದನಿ ಹರಿದುಹೋಗುವಂತಿತ್ತು. "ಇನ್ನೂ ಏನಾದ್ರೂ ಅಪೂರ್ಣ ಉಳ್ಕೊಂಡಿದೆಯಾ?"

"ನಿಮ್ಮ ಅಮ್ಮನ ಹತ್ರ, ಅತ್ತಿಗೆ ಹತ್ರ ಮಾತಾಡ್ಬೇಕು. ಎಲ್ಲರೂ ಇರುವಾಗ್ಲೇ ಹೇಳ್ಬೇಕು. ಆಮೇಲೆ ಹೋಗ್ತೀನಿ."

ಅವನು ಒಳಗೆ ಬಂದ, ಆದರೆ ಕೂರಲಿಲ್ಲ. ಕಾಗದ ಬಿಚ್ಚಿ ಅತ್ತಿಗೆಯ ಮುಂದೆ ಹಿಡಿದ.

"ಇದು ಅವತ್ತು ಇವರು ಹೇಳಿದ್ದು. ತಾರೀಖು, ಸಮಯ ಎಲ್ಲ ಇದೆ. ಏಳನೇ ಸಾಲು ಓದಿ."

ಅತ್ತಿಗೆ ಓದಿದಳು. "ಗುರುತು... ಎಡ ಮುಂಗೈ ಮೇಲೆ ಸುಟ್ಟ ಗುರುತು, ಕೋಟಿನ ಗುಂಡಿಯಷ್ಟು."

ಸೂಜಿ ಗೋಡೆ ಹಿಡಿದುಕೊಂಡಳು. ಹೇಳಿದ್ದೆ... ದೇವರೇ, ನಾನು ಹೇಳಿದ್ದೆ!

"ಎಂಟನೇ ಸಾಲೂ ಗುರುತೇ. ಹೊಟ್ಟೆಯ ಬಲಗಡೆ ಆಪರೇಷನ್ ಹೊಲಿಗೆ," ಎಂದ ಅವನು. "ಇವರು ಎರಡೂ ಹೇಳಿದ್ರು. ನಾನು ಎರಡೂ ಬರ್ಕೊಂಡೆ. ಆದ್ರೆ ಸಾಲುಗಳನ್ನ ಕಾಲಂ ಮಾಡಿ ತಿರುಗಿಸುವಾಗ, ಒಬ್ಬರ ಗುರುತಿಗೆ ಅಂತ ನಾನು ಇಟ್ಟಿದ್ದು ಒಂದೇ ಮನೆ. ಒಂದು ಮನೆಗೆ ಎರಡು ಮಾತು ಬಂದ್ರೆ ಅಕ್ಷರಮಾಲೆಯಲ್ಲಿ ಕೊನೆಗೆ ಬರೋದು ಉಳೀಲಿ ಅಂತ ಕ್ವೆರೀಲಿ ಬರೆದದ್ದೂ ನಾನೇ. ಕ್ವೆರಿಗೆ ಅಂಥ ನಿಯಮ ಬೇಕು ಅಂತ ಹಾಕಿದ್ದೆ, ನಿಜವಾಗ್ಲೂ ಎರಡು ಬರುತ್ತೆ ಅಂತ ಯೋಚನೆಯೇ ಮಾಡಿರ್ಲಿಲ್ಲ. ಹೊಟ್ಟೆ ಅನ್ನೋದರ 'ಹ' ಉಳೀತು. ಎಡ ಮುಂಗೈ ಅನ್ನೋದರ 'ಎ' ಅಳಿಸಿಹೋಯ್ತು. ನೀರಲ್ಲಿದ್ದ ದೇಹದಲ್ಲಿ ಹೊಟ್ಟೆ ಮೇಲಿನ ಹೊಲಿಗೆ ಕಾಣ್ತಿರ್ಲಿಲ್ಲ. ಕೈ ಮೇಲಿನದ್ದು ಮಾತ್ರ ಕಾಣ್ತಿತ್ತು."

ಅವನು ಇನ್ನೊಂದು ಕಾಗದ ಬಿಚ್ಚಿದ.

"ಒಬ್ಬ ತಂದೆ ಬಂದು, ನನ್ನ ಮಗಳಿಗೆ ಎರಡು ಮಚ್ಚೆ ಹೇಳಿದ್ದೆ, ನಿಮ್ಮ ಪಟ್ಟೀಲಿ ಒಂದೇ ಇದೆಯಲ್ಲ ಅಂದ್ರು. ಆಗ ಎಣಿಸಿದೆ. ನಲವತ್ತೊಂದು ಮಾತು ಕಾಣೆಯಾಗಿದ್ವು. ಮತ್ತೆ ಎಲ್ಲ ತಿರುಗಿಸಿದೆ. ಹೂಳಿದ ಹನ್ನೊಂದರಲ್ಲಿ ನಾಲ್ವರಿಗೆ ಹೆಸರು ಸಿಕ್ತು. ಸಾಹೇಬರಿಗೆ ಹೇಳಿದೆ. ಅವರು ಪತ್ರದಲ್ಲಿ ಬೇರೆಯೇ ಬರೆಸಿದ್ರು, ಬಾಯ್ಮುಚ್ಚಿಕೊಂಡು ಇರು ಅಂದ್ರು. ಲಾಂಚ್ ದುರಂತದ ತನಿಖೆಯವರಿಗೆ ನಡೆದದ್ದೆಲ್ಲ ಬರೆದುಕೊಟ್ಟೆ. ಕೆಲಸದಿಂದ ತೆಗೆದ್ರು... ಅದಿರ್ಲಿ."

ಅವನು ಆಗ ಸೂಜಿಯ ಕಡೆ ತಿರುಗಿದ.

"ಮೂರು ಸಲ ನೋಡಿದ್ದೀನಿ ಅಂದಿದ್ದೆ. ಮೂರು ಸಲವೂ ಅದೇ ತಪ್ಪು ಪಟ್ಟಿ ನೋಡಿದ್ದೆ. ಗೊತ್ತಾದ ದಿನ ನಿಮ್ಮ ಮುಖ ನೋಡೋ ಧೈರ್ಯ ನನಗೆ ಬರ್ಲಿಲ್ಲ. ಅವತ್ತೇ ಹೇಳಿದ್ರೆ ಆ ಪತ್ರ ಬರೋ ಮೊದಲೇ ನಿಮಗೆ ಗೊತ್ತಾಗ್ತಿತ್ತು. ಅದು ನನ್ನ ಎರಡನೇ ತಪ್ಪು."

ಅತ್ತಿಗೆಯ ಕೈಯಿಂದ ಕಾಗದ ಜಾರಿತು. ಅವಳು ಎದ್ದು ಬಂದು ಸೂಜಿಯನ್ನು ಅಪ್ಪಿಕೊಂಡು ಬಿಕ್ಕತೊಡಗಿದಳು. "ನಿನ್ನನ್ನ ಸುಮ್ಮನೆ ಕೊಂದುಹಾಕಿದೆನಲ್ಲೇ..."

ಅತ್ತಿಗೆಯ ಹೆಗಲ ಮೇಲಿಂದ ಸೂಜಿ ಅವನನ್ನು ನೋಡಿದಳು. ಕೃತಜ್ಞತೆಯೂ ದ್ವೇಷವೂ ಒಟ್ಟಿಗೇ ಉಕ್ಕಿ ಬಂದವು.

"ಹೋಗಿ," ಎಂದಳು. "ದಯವಿಟ್ಟು ಹೋಗಿ."

ಅವನು ಹೋದ.

*

ಎರಡು ತಿಂಗಳು ಕಳೆಯಿತು. ಅವಳು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಕೆಲವು ದಿನ ಅವನು ಸತ್ತುಹೋಗಲಿ ಅನ್ನಿಸುತ್ತಿತ್ತು. ಕೆಲವು ದಿನ ಅವನು ಏನಾದರೂ ತಿಂದನೋ ಇಲ್ಲವೋ ಅನ್ನಿಸುತ್ತಿತ್ತು. ಯಾವುದು ತನ್ನ ನಿಜವಾದ ಮನಸ್ಸು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಟೀ ಅಕ್ಕ ಒಂದು ದಿನ ಲಂಗ ಉದ್ದ ಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದಳು.

"ಕಂಪ್ಯೂಟರಪ್ಪ ಉಳಿದ ಮೂರು ಮನೆಗೂ ಹೋಗಿದ್ನಂತೆ ಕಣಮ್ಮ. ಒಂದು ಮನೇಲಿ ಚಪ್ಪಲೀಲಿ ಹೊಡೆದ್ರಂತೆ. ನಿಂತು ಹೊಡೆಸ್ಕೊಂಡನಂತೆ. ಈಗ ಯಾವುದೋ ಜೆರಾಕ್ಸ್ ಅಂಗಡೀಲಿ ಕೂರ್ತಾನೆ."

ಮಷೀನಿನ ಕೆಳಗೆ ಬಟ್ಟೆ ಸೊಟ್ಟ ಹೋಯಿತು.

ಅಂದು ಅತ್ತಿಗೆ ತಾನಾಗಿ ಮಾತು ತೆಗೆದಳು. "ನನಗೆ ಅವನ ಮೇಲೆ ಕೋಪ ಹೋಗಿಲ್ಲ. ಹೋಗುತ್ತೆ ಅಂತಲೂ ಹೇಳಲ್ಲ. ಆದ್ರೆ ನಾನು ನಿನ್ನ ತಲೆ ಮೇಲೆ ಹೊರಿಸಿದ್ದನ್ನ ಇಳಿಸಿದವನು ಅವನೇ. ಬಾಯ್ಮುಚ್ಚಿಕೊಂಡಿದ್ರೆ ಅವನ ಕೆಲಸ ಉಳೀತಿತ್ತು, ನೀನು ಜೀವನಪೂರ್ತಿ ಸಾಯ್ತಿದ್ದೆ." ಆಮೇಲೆ ಕೇಳಿದಳು, "ನಿನಗೆ ಅವನು ಬೇಕಾ?"

ಸೂಜಿ ಅತ್ತಿಗೆಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಅತ್ತಿಗೆ ಅವಳ ಬೆನ್ನು ಸವರಿದಳು.

ತನಿಖೆಯ ದಿನ ಸೂಜಿಯನ್ನೂ ಅವನನ್ನೂ ಕರೆದಿದ್ದರು. ಅವನು ಎದ್ದು ನಿಂತು ಎಲ್ಲವನ್ನೂ ಹೇಳಿದ. ಸಾಹೇಬರ ವಕೀಲರು ಏನು ಕೇಳಿದರೂ "ಕ್ವೆರಿ ನಾನೇ ಬರೆದದ್ದು" ಎಂಬಲ್ಲಿಂದಲೇ ಶುರು ಮಾಡಿದ. ಆಮೇಲೆ ಅವಳ ಸರದಿ.

"ಸುಟ್ಟ ಗುರುತಿನ ವಿಷಯ ನೀವು ಹೇಳಿದ್ರಾ?"

"ಹೇಳಿದ್ದೆ. ಅವರು ಬರ್ಕೊಂಡಿದ್ರು. ತಪ್ಪಾಯ್ತು ಅಂತ ನಮ್ಮ ಮನೆಗೆ ಬಂದು ಹೇಳಿದ್ದೂ ಅವರೊಬ್ಬರೇ."

ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮ್ಮನ್ನ ನೋಡಿದಾಗೆಲ್ಲ ಆ ವ್ಯಾನು ನೆನಪಾಗುತ್ತೆ," ಎಂದಳು ಅವಳು.

"ಗೊತ್ತು. ಅದಕ್ಕೇ ಕಣ್ಣಿಗೆ ಬೀಳ್ದೆ ಇರ್ತೀನಿ."

"ಬೀಳದಿದ್ರೂ ನೆನಪಾಗುತ್ತೆ... ಆಗ ಒಬ್ಬಳೇ ಇರ್ತೀನಿ. ಅದು ಇನ್ನೂ ಕಷ್ಟ."

ಅವನು ತಲೆ ತಗ್ಗಿಸಿದ. ಮೆಟ್ಟಿಲನ್ನೇ ನೋಡುತ್ತಾ ಹೇಳಿದ:

"ನಿಮ್ಮ ಮೇಲೆ ನನಗೆಷ್ಟು ಪ್ರೀತಿ ಅಂತ ಹೇಳೋ ಹಕ್ಕು ನನಗೆ ಉಳಿದಿಲ್ಲ."

"ಹಕ್ಕಿನ ಮಾತು ಯಾರು ಕೇಳಿದ್ರು? ಇದೆಯೋ ಇಲ್ವೋ, ಅಷ್ಟು ಹೇಳಿ."

"ಇದೆ."

"ನನಗೂ ಇದೆ. ಹೋಗ್ಲಿ ಅಂತ ಎಷ್ಟು ಪ್ರಯತ್ನಪಟ್ರೂ ಹೋಗ್ಲಿಲ್ಲ." ಅವಳ ಕಣ್ಣು ತುಂಬಿ ಹರಿಯಿತು. "ಅಮ್ಮ ಬೈತಾಳೆ. ಅತ್ತಿಗೆ ಕೆಲವು ದಿನ ಮುಖ ಕೊಟ್ಟು ಮಾತಾಡಲ್ಲ. ನಾನೂ ಒಮ್ಮೊಮ್ಮೆ ಏನಾದ್ರೂ ಅಂದುಬಿಡ್ತೀನಿ. ತಡ್ಕೊಳ್ತೀರಾ?"

"ತಡ್ಕೊಳ್ತೀನಿ."

"ಎಷ್ಟು ದಿನ?"

"ನೀವು ಸಾಕು ಅನ್ನೋವರೆಗೂ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಕೆನ್ನೆ ಒಳಗೆ ಹೋಗಿದ್ದನ್ನು, ಅಂಗಿ ಭುಜದಲ್ಲಿ ಸಡಿಲವಾಗಿ ಜೋತಿದ್ದನ್ನು ನೋಡಿದಳು.

"ಊಟ ಮಾಡಿದ್ದೀಯಾ ನೀನು?"

ನೀನು ಎಂದ ದನಿಗೆ ಅವನು ಅಲುಗಾಡದೆ ನಿಂತುಬಿಟ್ಟ. ಅವನ ಕಣ್ಣಲ್ಲೂ ನೀರು.

"ಇಲ್ಲ..."

"ನಡಿ ಮತ್ತೆ. ಅಮ್ಮ ಅನ್ನ ಇಟ್ಟಿರ್ತಾಳೆ."